ಸೋತ ಋತುಗಳ ಊರುಗಳಲ್ಲಿ ಐದು ದಿನ

ಮೊದಲ ದಿನ: ಗೆಲ್ಸೆನ್‌ಕಿರ್ಶೆನ್

ಜೂನ್ ತಿಂಗಳ ಕೊನೆಯ ವಾರದಲ್ಲಿ ಜರ್ಮನಿಯ ಫುಟ್‌ಬಾಲ್ ಮೈದಾನಗಳು ಬರಿದಾಗಿರುತ್ತವೆ. ಒಂದು ಋತು ಮೇ ತಿಂಗಳಲ್ಲಿ ಮುಗಿದಿರುತ್ತದೆ, ಇನ್ನೊಂದು ಆರಂಭವಾಗುವುದು ಆಗಸ್ಟ್‌ನಲ್ಲಿ. 2025ರ ಬೇಸಿಗೆಯಲ್ಲಿ ನಾನು ಬೇಕೆಂದೇ ಆ ನಡುವಿನ ದಿನಗಳನ್ನು ಆರಿಸಿಕೊಂಡು ಹೊರಟೆ. ಪಂದ್ಯ ನೋಡುವುದು ನನ್ನ ಉದ್ದೇಶವಾಗಿರಲಿಲ್ಲ. ತಮ್ಮ ತಂಡ ಸೋಲುತ್ತಲೇ ಇದ್ದ ವರ್ಷಗಳಲ್ಲಿ ಜನ ಎಲ್ಲಿ ನಿಂತಿದ್ದರೋ ಆ ಜಾಗಗಳನ್ನು ಕಣ್ಣಾರೆ ಕಾಣಬೇಕಾಗಿತ್ತು.

ಇದಕ್ಕೆ ಕಾರಣವಿದೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹ್ಯಾಂಬರ್ಗ್ ನಗರದ ಎಚ್‌ಎಸ್‌ವಿ ನನ್ನ ತಂಡವಾಗಿತ್ತು. 2018ರಲ್ಲಿ ಅದು ಎರಡನೇ ದರ್ಜೆಗೆ ಇಳಿದಾಗಲೂ ಬಿಡಲಿಲ್ಲ. ಆದರೆ 2023ರ ಮೇ ತಿಂಗಳ ಒಂದು ಸಂಜೆಯ ನಂತರ ನನ್ನಿಂದ ಆಗಲಿಲ್ಲ. ಎರಡು ವರ್ಷ ಅದರ ಒಂದೇ ಒಂದು ಪಂದ್ಯವನ್ನೂ ನೋಡಲಿಲ್ಲ, ಅಂಕಪಟ್ಟಿಯನ್ನೂ ತೆರೆಯಲಿಲ್ಲ. 2025ರ ಮೇ 10ರಂದು ಉಲ್ಮ್ ತಂಡವನ್ನು 6–1ರಿಂದ ಮಣಿಸಿ ಎಚ್‌ಎಸ್‌ವಿ ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾಕ್ಕೆ ಮರಳಿದ ರಾತ್ರಿ ಗೆಳೆಯನೊಬ್ಬನಿಗೆ ‘ನಾವು ಮೇಲೇರಿದೆವು’ ಎಂದು ಬರೆದೆ. ಕಳುಹಿಸುವ ಮುನ್ನ ಆ ‘ನಾವು’ ಎಂಬ ಪದದ ಮೇಲೆ ಕಣ್ಣು ನಿಂತಿತು, ಅಳಿಸಿಬಿಟ್ಟೆ. ಗೆದ್ದೆತ್ತಿನ ಬಾಲ ಹಿಡಿಯುವವರ ಬಗ್ಗೆ ಅಷ್ಟು ವರ್ಷ ಕಟುವಾಗಿ ಮಾತನಾಡಿದ್ದ ನಾನು ಅಂದು ಅದೇ ಬಾಲಕ್ಕೆ ಕೈಚಾಚಿದ್ದೆ.

ಪ್ರಯಾಣವನ್ನು ಹ್ಯಾಂಬರ್ಗ್‌ನಿಂದ ಆರಂಭಿಸಲು ಮನಸ್ಸಾಗದೆ ಶಾಲ್ಕೆ ತಂಡದ ಊರಿಗೆ ಮೊದಲು ಬಂದೆ. ಇದು ಕಲ್ಲಿದ್ದಲಿನ ಊರು. ಈ ಊರಿನ ಕೊನೆಯ ಗಣಿ 2008ರಲ್ಲೇ ಮುಚ್ಚಿತು, ಆದರೆ ತಂಡವನ್ನು ಇಂದಿಗೂ ಗಣಿಯ ಕೆಲಸಗಾರರ ಹೆಸರಿನಿಂದಲೇ ಕರೆಯುತ್ತಾರೆ. ತಂಡದ ಸ್ಟೇಡಿಯಂ ಆದ ಅರೇನಾದಲ್ಲಿ ಆಟಗಾರರು ಮೈದಾನಕ್ಕೆ ಬರುವ ಸುರಂಗವನ್ನೂ ಗಣಿಯ ಸುರಂಗದಂತೆ ರೂಪಿಸಿದ್ದಾರೆ. ಮುಖ್ಯ ನಿಲ್ದಾಣದಿಂದ 302ನೇ ಸಂಖ್ಯೆಯ ಟ್ರಾಮ್ ಹಿಡಿದರೆ ಅದು ನೇರವಾಗಿ ಅರೇನಾದ ಬಳಿ ಇಳಿಸುತ್ತದೆ. 62,000ಕ್ಕೂ ಹೆಚ್ಚು ಜನ ಹಿಡಿಸುವ ಆ ಕಟ್ಟಡದೊಳಗೆ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ, ಅಭಿಮಾನಿಗಳು ಅಲ್ಲಿ ಮದುವೆಯಾಗುತ್ತಾರೆ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುತ್ತಾರೆ. ಆ ಮಕ್ಕಳಿಗೆ ತಂಡದ ಆಯ್ಕೆ ಎಂಬುದೇ ಇರುವುದಿಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ನಮ್ಮಲ್ಲಿ ಎಷ್ಟು ಮಂದಿ ತಂಡವನ್ನು ಲೆಕ್ಕಹಾಕಿ ಆರಿಸಿಕೊಂಡಿದ್ದೇವೆ?

ಅರೇನಾದ ಪಕ್ಕದಲ್ಲಿ ಹಳೆಯ ಪಾರ್ಕ್‌ಸ್ಟೇಡಿಯಂ ಇತ್ತು. ಅದರ ಒಂದು ದೀಪಸ್ತಂಭ ಇನ್ನೂ ನಿಂತಿದೆ. ಅದರ ಬುಡದಲ್ಲಿ ಬಹಳ ಹೊತ್ತು ನಿಂತೆ, ಏಕೆಂದರೆ 2001ರ ಮೇ 19ರ ಮಧ್ಯಾಹ್ನ ಇಲ್ಲಿ ನಡೆದದ್ದೇ ನನ್ನನ್ನು ಎಚ್‌ಎಸ್‌ವಿಗೆ ಕಟ್ಟಿಹಾಕಿತು. ಅದು ಋತುವಿನ ಕೊನೆಯ ದಿನ. ಶಾಲ್ಕೆ ಉಂಟರ್‌ಹಾಖಿಂಗ್ ತಂಡವನ್ನು 5–3ರಿಂದ ಸೋಲಿಸಿತು. ಅದೇ ಹೊತ್ತಿಗೆ ಹ್ಯಾಂಬರ್ಗ್‌ನಲ್ಲಿ, 90ನೇ ನಿಮಿಷದಲ್ಲಿ, ಸೆರ್ಗೆಯ್ ಬಾರ್ಬರೆಜ್ ಬಯರ್ನ್ ಮ್ಯೂನಿಕ್ ವಿರುದ್ಧ ಗೋಲ್ ಹೊಡೆದರು. ಬಯರ್ನ್ ಸೋತರೆ 1958ರ ನಂತರ ಮೊದಲ ಬಾರಿಗೆ ಶಾಲ್ಕೆ ಚಾಂಪಿಯನ್ ಆಗುತ್ತಿತ್ತು. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು, ಅಪ್ಪಿಕೊಂಡರು, ಅತ್ತರು. ಆಮೇಲೆ ದೊಡ್ಡ ಪರದೆಯ ಮೇಲೆ ಹ್ಯಾಂಬರ್ಗ್‌ನ ಆಟ ಇನ್ನೂ ಮುಗಿದಿಲ್ಲವೆಂಬುದು ಕಾಣಿಸಿತು. 94ನೇ ನಿಮಿಷದಲ್ಲಿ ಬಯರ್ನ್‌ನ ಪಾಟ್ರಿಕ್ ಆಂಡರ್ಸನ್ ಫ್ರೀ ಕಿಕ್‌ನಿಂದ ಗೋಲ್ ಹೊಡೆದು ಆಟವನ್ನು ಸಮ ಮಾಡಿದರು, ಪಟ್ಟ ಮ್ಯೂನಿಕ್‌ಗೆ ಹೋಯಿತು. ಶಾಲ್ಕೆಗೆ ಉಳಿದದ್ದು ‘ನಾಲ್ಕು ನಿಮಿಷದ ಚಾಂಪಿಯನ್’ ಎಂಬ ಹೆಸರು ಮಾತ್ರ. ಫುಟ್‌ಬಾಲ್ ದೇವರನ್ನು ತಾನಿನ್ನು ನಂಬುವುದಿಲ್ಲವೆಂದು ತಂಡದ ವ್ಯವಸ್ಥಾಪಕ ರೂಡಿ ಅಸೌವರ್ ಹೇಳಿದರು. ಕಿರುತೆರೆಯಲ್ಲಿ ಆ ದೃಶ್ಯಗಳ ತುಣುಕನ್ನು ಮೊದಲು ಕಂಡಾಗ ನನಗೆ ಬಾರ್ಬರೆಜ್‌ನ ತಂಡ ಹಿಡಿಸಿತು. ತನಗೆ ಯಾವ ಪಟ್ಟವೂ ದಕ್ಕದ ಪಂದ್ಯದಲ್ಲಿ ಕೊನೆಯ ನಿಮಿಷದವರೆಗೆ ಓಡಿದ ತಂಡ ಅದು.

ಎರಡನೆಯ ದಿನ: ಸೂಟುಮ್, ಮತ್ತೆ ರೈಲು

ಬೆಳಿಗ್ಗೆ ಊರಂಚಿನ ಸೂಟುಮ್ ಎಂಬಲ್ಲಿನ ಸ್ಮಶಾನಕ್ಕೆ ಹೋದೆ. 2012ರ ಡಿಸೆಂಬರ್‌ನಲ್ಲಿ ಇಲ್ಲಿ ಶಾಲ್ಕೆ ಅಭಿಮಾನಿಗಳಿಗಾಗಿಯೇ ಒಂದು ಭಾಗವನ್ನು ತೆರೆದರು. ಅದನ್ನು ಮೈದಾನದ ಆಕಾರದಲ್ಲಿ ರಚಿಸಿದ್ದಾರೆ, ಸಮಾಧಿಗಳು ಸ್ಟ್ಯಾಂಡ್‌ನ ಸಾಲುಗಳಂತೆ ಸುತ್ತುವರಿದಿವೆ. ತಂಡ ಸ್ಥಾಪನೆಯಾದ ವರ್ಷದ ನೆನಪಿಗೆ ಒಟ್ಟು 1,904 ಸಮಾಧಿಗಳಿಗೆ ಜಾಗವಿಟ್ಟಿದ್ದಾರೆ. ನೀಲಿ ಬಿಳಿ ಹೂಗಳ ನಡುವೆ ನಿಂತು ದಿನಾಂಕಗಳನ್ನು ಓದುತ್ತಾ ಹೋದಂತೆ ಒಂದು ಸಂಗತಿ ಮನಸ್ಸಿಗೆ ಬಂತು: ಇಲ್ಲಿ ಮಲಗಿರುವವರಲ್ಲಿ 1958ರ ನಂತರ ಹುಟ್ಟಿದ ಯಾರೂ ತಮ್ಮ ತಂಡ ಲೀಗ್ ಗೆದ್ದುದನ್ನು ಕಾಣಲಿಲ್ಲ. ಗೆಲುವಿಗಾಗಿ ಕಾಯುವುದೇ ನಿಷ್ಠೆಯಾಗಿದ್ದರೆ ಇವರೆಲ್ಲರ ಬಾಳು ವ್ಯರ್ಥವಾದ ಕಾಯುವಿಕೆ ಎನ್ನಬೇಕಾಗುತ್ತದೆ. ಆ ಜಾಗದಲ್ಲಿ ನಿಂತವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ.

ಹಾಗೆಂದು ಈ ಊರಿನ ನಿಷ್ಠೆಯನ್ನು ನಾನು ಪೂರ್ತಿ ಹೊಗಳಲಾರೆ. 2020ರ ಜನವರಿಯಿಂದ ಒಂದು ವರ್ಷದ ಕಾಲ ಶಾಲ್ಕೆ ಬುಂಡೆಸ್‌ಲೀಗಾದಲ್ಲಿ ಸತತ 30 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಸಾಂಕ್ರಾಮಿಕದ ಕಾರಣ ಆ ಪಂದ್ಯಗಳ ಬಹುಭಾಗ ಖಾಲಿ ಮೈದಾನಗಳಲ್ಲಿ ನಡೆಯಿತು. ಕಷ್ಟಕಾಲದಲ್ಲಿ ತಂಡದ ಬಳಿ ನಿಲ್ಲಬೇಕೆಂದವರಿಗೂ ನಿಲ್ಲಲು ಜಾಗವಿರಲಿಲ್ಲ. 2021ರ ಏಪ್ರಿಲ್ 20ರಂದು ಬೀಲೆಫೆಲ್ಡ್‌ನಲ್ಲಿ 1–0ರಿಂದ ಸೋತು, ಮೂವತ್ತು ವರ್ಷಗಳ ನಂತರ ತಂಡಕ್ಕೆ ಹಿಂಬಡ್ತಿಯಾಯಿತು. ಆ ರಾತ್ರಿ ಅರೇನಾದ ಬಳಿ ತಂಡದ ಬಸ್ಸಿಗೆ ಕಾದಿದ್ದ ನೂರಾರು ಜನರಲ್ಲಿ ಕೆಲವರು ಮೊಟ್ಟೆ ಎಸೆದರು, ಆಟಗಾರರನ್ನು ಬೆನ್ನಟ್ಟಿ ಹೊಡೆದರು. ತಂಡ ತಮ್ಮದೆಂಬ ಭಾವ ಎಷ್ಟು ಗಾಢವಾಗಿತ್ತೋ ಸಿಟ್ಟೂ ಅಷ್ಟೇ ಗಾಢವಾಗಿತ್ತು ಎಂದು ವಿವರಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಓಡಿ ಸೋತವನನ್ನು ಕತ್ತಲಲ್ಲಿ ಬೆನ್ನಟ್ಟುವವನು ತಂಡದ ಪರವಾಗಿ ಏನನ್ನೂ ಮಾಡುತ್ತಿಲ್ಲ. ಆದರೂ ಇನ್ನೊಂದನ್ನು ಸೇರಿಸಬೇಕು. ಎರಡನೇ ದರ್ಜೆಯಲ್ಲಿ, 14ನೆಯ ಸ್ಥಾನದಲ್ಲಿ ಮುಗಿಸಿದ 2024–25ರ ಋತುವಿನಲ್ಲೂ, ಶಾಲ್ಕೆಯ ತವರಿನ ಪಂದ್ಯಗಳಿಗೆ ಸರಾಸರಿ 60,000ಕ್ಕೂ ಹೆಚ್ಚು ಜನ ಬಂದರು. ಬಸ್ಸು ಕಾದವರಿಗಿಂತ ಇವರ ಸಂಖ್ಯೆ ಬಹಳ ದೊಡ್ಡದು, ಸುದ್ದಿಯಾದದ್ದು ಮಾತ್ರ ಬಸ್ಸು.

ಮಧ್ಯಾಹ್ನ ಬರ್ಲಿನ್ ರೈಲು ಹತ್ತಿದೆ. ದಾರಿಯುದ್ದಕ್ಕೂ ‘ನಾವು’ ಎಂಬ ಪದದ ಬಗ್ಗೆಯೇ ಯೋಚಿಸುತ್ತಿದ್ದೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಪದದ ಸುತ್ತಲೇ ಇದೆ. ವಿಶ್ವವಿದ್ಯಾಲಯದ ತಂಡ ಗೆದ್ದ ನಂತರದ ಸೋಮವಾರ ವಿದ್ಯಾರ್ಥಿಗಳು ತಮ್ಮ ವಿದ್ಯಾಲಯದ ಹೆಸರಿರುವ ಉಡುಪನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರು. ಪಂದ್ಯದ ಬಗ್ಗೆ ಕೇಳಿದಾಗ ಗೆಲುವಿನ ವಿಷಯದಲ್ಲಿ ‘ನಾವು’ ಎನ್ನುವುದು ಸೋಲಿನ ವಿಷಯದಲ್ಲಿ ಹಾಗೆನ್ನುವುದಕ್ಕಿಂತ ಹೆಚ್ಚಾಗಿತ್ತು. 2023ರಲ್ಲಿ ಅದೇ ಗೆಳೆಯನಿಗೆ ಬರೆದಿದ್ದ ಹಳೆಯ ಸಂದೇಶವನ್ನು ಫೋನಿನಲ್ಲಿ ಹುಡುಕಿದೆ. ಅಲ್ಲಿ ‘ಅವರು ಮತ್ತೆ ಕೈಚೆಲ್ಲಿದರು’ ಎಂದಿತ್ತು.

ಮೂರನೆಯ ದಿನ: ನಾಯ್‌ಕ್ಯೋಲ್ನ್

ಬರ್ಲಿನ್‌ನ ಈ ಬಡಾವಣೆಯಲ್ಲಿ, ಟೆಂಪಲ್‌ಹೋಫ್‌ನ ಹಳೆಯ ವಿಮಾನ ನಿಲ್ದಾಣದ ಬಯಲಿಗೆ ಹೊಂದಿಕೊಂಡ ಸಾಧಾರಣ ಮೈದಾನವೊಂದರಲ್ಲಿ ಟಾಸ್ಮಾನಿಯಾ ಎಂಬ ತಂಡ ಆಡುತ್ತದೆ. ಶಾಲ್ಕೆಯ 30 ಪಂದ್ಯಗಳ ಮಾತು ಬಂದಾಗಲೆಲ್ಲ ಈ ಹೆಸರೂ ಬರುತ್ತದೆ, ಏಕೆಂದರೆ 31 ಪಂದ್ಯಗಳ ದಾಖಲೆ ಇವರದು. 1965ರಲ್ಲಿ ಹೆರ್ಟಾ ತಂಡವನ್ನು ಹಣಕಾಸಿನ ಅಕ್ರಮಕ್ಕಾಗಿ ಬುಂಡೆಸ್‌ಲೀಗಾದಿಂದ ಹೊರಹಾಕಿ, ಬರ್ಲಿನ್ ಪ್ರತಿನಿಧಿಯಿಲ್ಲದೆ ಇರಬಾರದೆಂದು ಟಾಸ್ಮಾನಿಯಾವನ್ನು ಋತು ಆರಂಭಕ್ಕೆ ಸ್ವಲ್ಪ ಮುಂಚೆ ತರಾತುರಿಯಲ್ಲಿ ಸೇರಿಸಲಾಯಿತು. ಒಲಿಂಪಿಕ್ ಸ್ಟೇಡಿಯಂನಲ್ಲಿ ಮೊದಲ ಪಂದ್ಯಕ್ಕೆ 81,000ಕ್ಕೂ ಹೆಚ್ಚು ಜನ ಬಂದರು, ತಂಡ ಗೆದ್ದಿತು. ಅದಾದ ಮೇಲೆ ಇಡೀ ಋತುವಿನಲ್ಲಿ ಇನ್ನೊಂದೇ ಗೆಲುವು. 34 ಪಂದ್ಯಗಳಲ್ಲಿ 28 ಸೋಲು. ಹೊಡೆದ ಗೋಲು 15, ಹೊಡೆಸಿಕೊಂಡದ್ದು 108. 1966ರ ಜನವರಿ 15ರಂದು ಅದೇ ಒಲಿಂಪಿಕ್ ಸ್ಟೇಡಿಯಂನಲ್ಲಿ ಮ್ಯೋನ್ಶನ್‌ಗ್ಲಾಡ್‌ಬಾಖ್ ವಿರುದ್ಧದ ಪಂದ್ಯ ನೋಡಲು ಬಂದವರು 827 ಮಂದಿ.

ಈ ಅಂಕಿಗಳನ್ನು ಹಾಸ್ಯಕ್ಕಾಗಿ ಹೇಳುವುದು ವಾಡಿಕೆ. ಮೈದಾನದ ಬೇಲಿಗೆ ಒರಗಿ ನಿಂತ ನನಗೆ ಆ 827 ಮಂದಿಯೇ ಕಣ್ಣಿಗೆ ಕಟ್ಟಿದರು. ಚಳಿಗಾಲದ ಒಂದು ಶನಿವಾರ, ಹತ್ತಾರು ಸಾವಿರ ಖಾಲಿ ಜಾಗಗಳ ನಡುವೆ, ಇಳಿದುಹೋಗುವುದು ಖಚಿತವಾದ ತಂಡವನ್ನು ನೋಡಲು ಮನೆಯಿಂದ ಹೊರಟವರು ಅವರು. ಅಂದು ಟಾಸ್ಮಾನಿಯಾ ಸೋಲಲಿಲ್ಲ, ಪಂದ್ಯ ಗೋಲಿಲ್ಲದೆ ಡ್ರಾ ಆಯಿತು. ಆ ಋತುವಿನ ನಾಲ್ಕೇ ಡ್ರಾಗಳಲ್ಲಿ ಒಂದನ್ನು ಆ 827 ಮಂದಿ ಮಾತ್ರ ಕಂಡರು. ಮೂಲ ಕ್ಲಬ್ 1973ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಹೊಸದೊಂದನ್ನು ಕಟ್ಟಿ ಅದೇ ಹೆಸರನ್ನು ಮುಂದುವರಿಸಿದರು.

ನಾಲ್ಕನೆಯ ದಿನ: ಕ್ಯೋಪೆನಿಕ್

ಪೂರ್ವ ಬರ್ಲಿನ್‌ನ ಈ ಭಾಗದಲ್ಲಿ ಸ್ಟೇಡಿಯಂಗೆ ಹೋಗುವ ದಾರಿ ಮರಗಳ ನಡುವಿನ ಮಣ್ಣಿನ ಹಾದಿ. ಯೂನಿಯನ್ ತಂಡದ ಮೈದಾನದ ಹೆಸರಿನ ಅರ್ಥವೇ ‘ಹಳೆಯ ಅರಣ್ಯಾಧಿಕಾರಿಯ ಮನೆಯ ಬಳಿ’ ಎಂದು. 22,012 ಜನ ಹಿಡಿಸುವ ಈ ಮೈದಾನದಲ್ಲಿ ಆಸನಗಳಿರುವುದು ನಾಲ್ಕು ಸಾವಿರದೊಳಗೆ, ಉಳಿದವರೆಲ್ಲ ನಿಂತೇ ನೋಡುತ್ತಾರೆ.

ಆ ನಿಲ್ಲುವ ಮೆಟ್ಟಿಲುಗಳನ್ನು ಕಟ್ಟಿದವರು ಅಲ್ಲಿ ನಿಲ್ಲುವವರೇ. 2008ರಲ್ಲಿ ಹಳೆಯ ಸ್ಟ್ಯಾಂಡ್‌ಗಳು ಪಂದ್ಯಕ್ಕೆ ಯೋಗ್ಯವಲ್ಲದ ಸ್ಥಿತಿಗೆ ಬಂದಿದ್ದವು, ಕ್ಲಬ್ಬಿನ ಬಳಿ ಹಣವಿರಲಿಲ್ಲ, ತಂಡ ಮೂರನೇ ದರ್ಜೆಯಲ್ಲಿತ್ತು. ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸರದಿಯ ಮೇಲೆ ಬಂದು, ಸುಮಾರು 1,40,000 ಗಂಟೆಗಳ ಕೂಲಿಯಿಲ್ಲದ ದುಡಿಮೆಯಿಂದ, 2009ರ ಬೇಸಿಗೆಗೆ ಮೈದಾನವನ್ನು ಹೊಸದಾಗಿ ನಿಲ್ಲಿಸಿದರು. ಅದಕ್ಕೂ ಮುಂಚೆ, 2004ರಲ್ಲಿ, ಲೀಗ್‌ನಲ್ಲಿ ಆಡುವ ಪರವಾನಗಿಗೆ ಬೇಕಾದ ಹಣ ಹೊಂದಿಸಲು ಅಭಿಮಾನಿಗಳು ಬರ್ಲಿನ್‌ನ ಆಸ್ಪತ್ರೆಗಳಲ್ಲಿ ರಕ್ತ ಕೊಟ್ಟು, ಅದಕ್ಕೆ ಸಿಗುವ ಗೌರವಧನವನ್ನು ಕ್ಲಬ್ಬಿಗೆ ತಂದುಕೊಟ್ಟಿದ್ದರು. ತಂಡಕ್ಕಾಗಿ ರಕ್ತ ಸುರಿಸುತ್ತೇವೆ ಎಂಬ ಮಾತನ್ನು ಎಲ್ಲ ಊರಿನ ಅಭಿಮಾನಿಗಳೂ ಆಡುತ್ತಾರೆ, ಇಲ್ಲಿ ಅದು ಅಕ್ಷರಶಃ ನಡೆಯಿತು.

ಬೇಲಿಯ ಆಚೆಗೆ ಕಾಣುವ ಕಾಂಕ್ರೀಟಿನ ಮೆಟ್ಟಿಲುಗಳನ್ನು ನೋಡುತ್ತಾ ನನಗೆ ಹೊಳೆದದ್ದು ಇಷ್ಟು. ಸೋಲಿನ ಋತುಗಳನ್ನು ನಾನು ಸದಾ ಸಹಿಸಿಕೊಳ್ಳಬೇಕಾದ ಕಾಲ ಎಂದೇ ಭಾವಿಸಿದ್ದೆ. ಹಲ್ಲು ಕಚ್ಚಿ ದಾಟಿದರೆ ಆಚೆ ದಡದಲ್ಲಿ ಗೆಲುವು ಇರುತ್ತದೆ, ಅಲ್ಲಿಯವರೆಗೆ ತಾಳಬಲ್ಲವನೇ ನಿಷ್ಠಾವಂತ ಎಂದು. ಇಲ್ಲಿಯ ಜನ ತಾಳಲಿಲ್ಲ, ಕೆಲಸ ಮಾಡಿದರು. 2003ರ ಡಿಸೆಂಬರ್‌ನಲ್ಲಿ ತಂಡ ಅಂಕಪಟ್ಟಿಯ ತಳದಲ್ಲಿ ತೊಳಲುತ್ತಿದ್ದಾಗ 89 ಮಂದಿ ಕ್ರಿಸ್‌ಮಸ್‌ಗೆ ಎರಡು ದಿನ ಮುಂಚಿನ ರಾತ್ರಿ ಬೀಗ ಹಾಕಿದ ಮೈದಾನದೊಳಕ್ಕೆ ನುಸುಳಿ ಒಟ್ಟಿಗೆ ಹಾಡಿದರು. ಈಗ ಪ್ರತಿ ವರ್ಷ ಡಿಸೆಂಬರ್ 23ರಂದು 28,500 ಜನ ಅಲ್ಲಿ ಮೇಣದಬತ್ತಿ ಹಿಡಿದು ಹಾಡುತ್ತಾರೆ. ತಂಡ ಸೋಲದೆ ಇದ್ದಿದ್ದರೆ ಆ 89 ಮಂದಿ ಆ ರಾತ್ರಿ ಮನೆಯಲ್ಲೇ ಇರುತ್ತಿದ್ದರೇನೋ.

ಪಂದ್ಯಕ್ಕೆ ಮುಂಚೆ ಇಲ್ಲಿ ತವರಿನ ಆಟಗಾರರ ಹೆಸರು ಕೂಗಿದಾಗ, ಪ್ರತಿ ಹೆಸರಿನ ಹಿಂದೆ ಜನ ‘ಫುಟ್‌ಬಾಲ್ ದೇವರು’ ಎಂದು ಒಕ್ಕೊರಲಿನಿಂದ ಸೇರಿಸುತ್ತಾರೆ. ಗೋಲು ಹೊಡೆದವನಿಗೂ ಅದೇ ಪದ, ಕಳೆದ ವಾರ ಎಡವಿದ ಬದಲಿ ಆಟಗಾರನಿಗೂ ಅದೇ ಪದ. 2001ರಲ್ಲಿ ಅಸೌವರ್ ನಂಬಿಕೆ ಕಳೆದುಕೊಂಡ ಒಂದು ವಾರಕ್ಕೆ ಅವರ ಶಾಲ್ಕೆ ಇದೇ ಬರ್ಲಿನ್‌ನಲ್ಲಿ ಜರ್ಮನ್ ಕಪ್ ಫೈನಲ್ ಗೆದ್ದಿತು, 2–0ರಿಂದ; ಅಂದು ಎದುರಾಳಿಯಾಗಿ ಸೋತವರು ಮೂರನೇ ದರ್ಜೆಯ ಯೂನಿಯನ್.

2019ರಲ್ಲಿ ಯೂನಿಯನ್ ಮೊದಲ ಬಾರಿ ಬುಂಡೆಸ್‌ಲೀಗಾಕ್ಕೆ ಏರಿತು. ಆಗಸ್ಟ್ 18ರ ಮೊದಲ ಪಂದ್ಯಕ್ಕೆ ಅಭಿಮಾನಿಗಳು, ಈ ದಿನವನ್ನು ಕಾಣದೆ ತೀರಿಹೋದ ತಮ್ಮ ತಂದೆ, ತಾಯಿ, ಗೆಳೆಯರ ಭಾವಚಿತ್ರಗಳನ್ನು ತಂದು ಎತ್ತಿ ಹಿಡಿದರು. ಒಟ್ಟು 455 ಮುಖಗಳು. ಕ್ಲಬ್ ಆ ದಿನದ ಅಧಿಕೃತ ಹಾಜರಿಯನ್ನು 22,467 ಎಂದು ಪ್ರಕಟಿಸಿತು. 22,012 ಜೀವಂತರು, ಉಳಿದವರು ಅವರು. ಯೂನಿಯನ್ ಆ ಪಂದ್ಯವನ್ನು 4–0ರಿಂದ ಸೋತಿತು. ಅದನ್ನು ಹೇಳದೆ ಈ ಕಥೆ ಹೇಳುವವರನ್ನು ಕೇಳಿದ್ದೇನೆ. ನನಗಾದರೋ ಆ 4–0 ಇಲ್ಲದೆ ಈ ಕಥೆ ಪೂರ್ಣವಾಗುವುದಿಲ್ಲ. ಸತ್ತವರನ್ನು ಅವರು ಕರೆತಂದದ್ದು ಗೆಲುವು ತೋರಿಸಲಿಕ್ಕಲ್ಲ.

2023ರ ಶರತ್ಕಾಲದಲ್ಲಿ, ಯುರೋಪಿನ ಅಗ್ರ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಆಡುತ್ತಿದ್ದಾಗಲೇ, ಇದೇ ತಂಡ ಎಲ್ಲ ಸ್ಪರ್ಧೆಗಳೂ ಸೇರಿ ಸತತ 12 ಪಂದ್ಯ ಸೋತಿತು. ಋತುವಿನ ಕೊನೆಯ ದಿನ, ಹೆಚ್ಚುವರಿ ನಿಮಿಷಗಳಲ್ಲಿ ಬಂದ ಗೋಲಿನಿಂದ ಬುಂಡೆಸ್‌ಲೀಗಾದಲ್ಲಿ ಉಳಿದುಕೊಂಡಿತು. ನಾನು ಎಚ್‌ಎಸ್‌ವಿಯನ್ನು ಬಿಟ್ಟು ಕುಳಿತಿದ್ದ ತಿಂಗಳುಗಳು ಅವು.

ಐದನೆಯ ದಿನ: ಹ್ಯಾಂಬರ್ಗ್

ಸ್ಟೆಲಿಂಗನ್ ನಿಲ್ದಾಣದಲ್ಲಿ ಇಳಿದು ನಡೆದೆ. ಸ್ಟೇಡಿಯಂ ಮುಂದೆ ಎಚ್‌ಎಸ್‌ವಿಯ ಹಿಂದಿನ ಖ್ಯಾತ ಆಟಗಾರ ಊವೆ ಝೇಲರ್ ಅವರ ಬಲಗಾಲಿನ ಬೃಹತ್ ಕಂಚಿನ ಪ್ರತಿಮೆಯಿದೆ, ಕಾಲು ಮಾತ್ರ. 1961ರಲ್ಲಿ ಇಟಲಿಯ ಇಂಟರ್ ಮಿಲಾನ್ ಅಪಾರ ಹಣದ ಆಹ್ವಾನ ಕೊಟ್ಟಾಗ ಅದನ್ನು ನಿರಾಕರಿಸಿ ಹ್ಯಾಂಬರ್ಗ್‌ನಲ್ಲೇ ಉಳಿದವರು ಅವರು. 2022ರ ಜುಲೈಯಲ್ಲಿ ತೀರಿಕೊಂಡಾಗ ಅವರ ತಂಡ ಎರಡನೇ ದರ್ಜೆಯಲ್ಲಿತ್ತು.

ಒಳಗೆ ಮಾರ್ಗದರ್ಶಿಯ ಜೊತೆ ಹದಿನೈದು ಇಪ್ಪತ್ತು ಮಂದಿ ಇದ್ದೆವು. ಗಡಿಯಾರ ಇದ್ದ ಮೂಲೆಯನ್ನು ಆತ ತೋರಿಸಿದ. 1963ರಲ್ಲಿ ಬುಂಡೆಸ್‌ಲೀಗಾ ಆರಂಭವಾದಾಗಿನಿಂದ ಒಮ್ಮೆಯೂ ಕೆಳಗಿಳಿಯದ ಏಕೈಕ ತಂಡ ಎಂಬ ಹೆಮ್ಮೆಯಿಂದ ವರ್ಷ, ದಿನ, ಗಂಟೆ, ನಿಮಿಷ, ಸೆಕೆಂಡುಗಳನ್ನು ಎಣಿಸುತ್ತಿದ್ದ ಗಡಿಯಾರ ಅದು. 2018ರ ಮೇ 12ರಂದು ಎಚ್‌ಎಸ್‌ವಿ ತನ್ನ ಪಂದ್ಯವನ್ನು 2–1ರಿಂದ ಗೆದ್ದಿತು. ಬೇರೆಡೆ ವೋಲ್ಫ್ಸ್‌ಬುರ್ಗ್ ಕೂಡ ಗೆದ್ದುದರಿಂದ ಆ ಗೆಲುವು ಸಾಲದಾಯಿತು. ಗಡಿಯಾರ 54 ವರ್ಷ 261 ದಿನಗಳಲ್ಲಿ ನಿಂತಿತು. ಕೆಲವರು ಹೊಗೆಬಾಂಬು ಎಸೆದು ಆಟ ನಿಲ್ಲಿಸಿದಾಗ ಉಳಿದ ಸ್ಟೇಡಿಯಂ ಅವರ ವಿರುದ್ಧವೇ ಕೂಗಿತು. ಆ ಕೂಗನ್ನು ನಾನು ಅಂದು ಪರದೆಯ ಮೇಲೆ ಕೇಳಿದ್ದೆ, ಹೆಮ್ಮೆಪಟ್ಟಿದ್ದೆ. ಆಮೇಲೆ ಆ ಗಡಿಯಾರ ಕ್ಲಬ್ ಸ್ಥಾಪನೆಯಾದ 1887ರಿಂದ ಕಾಲವನ್ನು ಎಣಿಸತೊಡಗಿತು, ಮರುವರ್ಷ ಅದನ್ನು ತೆಗೆದುಹಾಕಿದರು. ನನಗೆ ಅದು ಒಳ್ಳೆಯದೇ ಅನ್ನಿಸಿತ್ತು. ಮೇಲಿನ ದರ್ಜೆಯಲ್ಲಿ ಉಳಿದ ಸೆಕೆಂಡುಗಳನ್ನು ಎಣಿಸುವ ಯಂತ್ರ, ಇಳಿದ ಮೇಲೂ ಬಂದು ಕೂರುವವರನ್ನು ಎಣಿಸಲಾರದು.

ಆಮೇಲಿನ ಏಳು ಋತುಗಳಲ್ಲಿ ಎರಡನೇ ದರ್ಜೆಯಲ್ಲಿ ತಂಡ ಪಡೆದ ಸ್ಥಾನಗಳನ್ನು ಆತ ಬೆರಳೆಣಿಸಿ ಹೇಳಿದ: ನಾಲ್ಕು, ನಾಲ್ಕು, ನಾಲ್ಕು, ಮೂರು, ಮೂರು, ನಾಲ್ಕು, ಕೊನೆಗೆ ಎರಡು. ಎಲ್ಲರೂ ತಲೆಯಾಡಿಸುತ್ತಿದ್ದರು. ಎರಡನೆಯ ‘ಮೂರು’ ಬಂದಾಗ ನನ್ನ ಹೊಟ್ಟೆಯಲ್ಲಿ ಹಿಂಡಿದಂತಾಯಿತು. 2023ರ ಮೇ 28. ಎಚ್‌ಎಸ್‌ವಿ ಸಾಂಡ್‌ಹೌಸನ್‌ನಲ್ಲಿ 1–0ರಿಂದ ಗೆದ್ದಿತ್ತು, ಬಡ್ತಿ ಸಿಕ್ಕಿತೆಂದು ಅಲ್ಲಿನ ಧ್ವನಿವರ್ಧಕದಲ್ಲಿ ಅಭಿನಂದನೆಯನ್ನೂ ಹೇಳಿಬಿಟ್ಟರು, ಅಭಿಮಾನಿಗಳು ಮೈದಾನಕ್ಕೆ ಓಡಿದರು. ರೇಗೆನ್ಸ್‌ಬುರ್ಗ್‌ನಲ್ಲಿ ಹೈಡನ್‌ಹೈಮ್ ಇನ್ನೂ ಆಡುತ್ತಿತ್ತು. 93ನೇ ಮತ್ತು 99ನೇ ನಿಮಿಷಗಳಲ್ಲಿ ಎರಡು ಗೋಲು ಹೊಡೆದು 3–2ರಿಂದ ಗೆದ್ದು ಮೇಲೇರಿತು. 2001ರಲ್ಲಿ ಶಾಲ್ಕೆಯವರು ಕಂಡದ್ದನ್ನು ಈಗ ನಮ್ಮವರು ಕಂಡರು. ಮೂರನೆಯ ಸ್ಥಾನದವರಿಗೆ ಮೇಲೇರಲು ಉಳಿಯುವ ಕೊನೆಯ ಅವಕಾಶವಾದ ಪ್ಲೇ ಆಫ್‌ನಲ್ಲಿ ಎಚ್‌ಎಸ್‌ವಿ ಸ್ಟುಟ್‌ಗಾರ್ಟ್ ಎದುರು ಎರಡೂ ಪಂದ್ಯ ಸೋತಿತು. ಆ ಪಂದ್ಯಗಳನ್ನು ನಾನು ನೋಡಲಿಲ್ಲ. ಆ ಓಡಿದವರ ಮುಖಗಳೇ ಸಾಕಾಗಿದ್ದವು ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಆ ಮುಖಗಳ ಒಡೆಯರು ಆಗಸ್ಟ್‌ನಲ್ಲಿ ಮತ್ತೆ ಬಂದು ಕುಳಿತಿದ್ದರು, ಸರಾಸರಿ 50,000ಕ್ಕೂ ಹೆಚ್ಚು ಮಂದಿ.

ಗುಂಪು ಪೂರ್ವದ ಸ್ಟ್ಯಾಂಡ್‌ನಲ್ಲಿ ಕುಳಿತಾಗ ವಯಸ್ಸಾದ ದಂಪತಿಗಳಿಬ್ಬರು ನಮ್ಮನ್ನು ಬಿಟ್ಟು ಏಳೆಂಟು ಸಾಲು ಮೇಲೆ ಹತ್ತಿ ಹೋದರು. ನಾನೂ ಹಿಂಬಾಲಿಸಿದೆ. ಅವು ಅವರ ವಾರ್ಷಿಕ ಟಿಕೆಟ್‌ನ ಆಸನಗಳು; ಆಟವಿಲ್ಲದ ದಿನ ಅಲ್ಲಿಂದ ಮೈದಾನ ಹೇಗೆ ಕಾಣುತ್ತದೆಂದು ನೋಡುವ ಆಸೆಯಿಂದ ಬಂದಿದ್ದರು. ನನ್ನ ಹರಕುಮುರುಕು ಜರ್ಮನ್‌ನಲ್ಲಿ, ಎರಡು ವರ್ಷ ಬಿಟ್ಟಿದ್ದೆನೆಂಬುದನ್ನೂ ಮುಚ್ಚಿಡದೆ ಹೇಳಿದೆ. ಅವರು ಬೇಸರಪಡಲಿಲ್ಲ, ಸಮಾಧಾನದ ಮಾತನ್ನೂ ಹೇಳಲಿಲ್ಲ. ಆ ಎರಡು ವರ್ಷಗಳ ಪಂದ್ಯಗಳನ್ನು ಒಂದೊಂದಾಗಿ ವಿವರಿಸತೊಡಗಿದರು; ಯಾವುದು ಮಳೆಯಲ್ಲಿ, ಯಾವುದರಲ್ಲಿ ಕೊನೆಗಳಿಗೆಯಲ್ಲಿ ಕೈತಪ್ಪಿತು, ಯಾವುದರಲ್ಲಿ ಗೋಲ್‌ಕೀಪರ್ ಉಳಿಸಿದ. ಅವರ ಪಕ್ಕದ ಆಸನ ಅವರ ಗೆಳೆಯನದು. ಆತ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದಾನೆ. ಸ್ಟೇಡಿಯಂಗೆ ಹೊಂದಿಕೊಂಡೇ ಇರುವ ಅಲ್ಟೋನಾ ಸ್ಮಶಾನದಲ್ಲಿ, 2008ರಲ್ಲಿ ಎಚ್‌ಎಸ್‌ವಿ ಅಭಿಮಾನಿಗಳಿಗಾಗಿ ಮೀಸಲಿಟ್ಟ ಭಾಗದಲ್ಲಿದ್ದಾನೆ. ಆ ಭಾಗದ ದ್ವಾರವನ್ನು ಗೋಲ್ ಕಂಬಗಳ ಆಕಾರದಲ್ಲಿ ಮಾಡಿದ್ದಾರೆ. ಉಲ್ಮ್ ಪಂದ್ಯದ ಮರುದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಆರೂ ಗೋಲುಗಳನ್ನು ಹೇಳಿ ಬಂದೆವು ಎಂದರು.

ಆಸನವನ್ನು ಕೈಯಿಂದ ತಟ್ಟಿ ಅವರು ನನಗೆ ಕುಳಿತುಕೊಳ್ಳಲು ಹೇಳಿದರು. ಆಗಸ್ಟ್‌ನಿಂದ ಅಲ್ಲಿ ಆತನ ಮೊಮ್ಮಗ ಕೂರುತ್ತಾನಂತೆ. ನಾನು ಅದರ ಪಕ್ಕದ ಮೆಟ್ಟಿಲ ಮೇಲೆ ಕುಳಿತೆ. ಕೆಳಗೆ ಹುಲ್ಲಿಗೆ ನೀರು ಹಾಯಿಸುತ್ತಿದ್ದರು. ಮಾರ್ಗದರ್ಶಿ ಕರೆಯುವವರೆಗೆ ಅವರು 2024ರ ಚಳಿಗಾಲದ ಪಂದ್ಯಗಳವರೆಗೆ ಬಂದಿದ್ದರು. ಗುಂಪು ಮುಂದೆ ಹೋಯಿತು, ಉಳಿದದ್ದನ್ನೂ ಹೇಳಿ ಎಂದು ಕೇಳಿದೆ.